ಕಾಲ್ಕಟ್ಟಿನ ಹುಡುಗಿಯ ಕತೆಗೆ ಕೊನೆ ಕಂಡವರು

ಮಕ್ಕಳಿಗೆ ಕತೆ ಹೇಳುವವರು ನಮ್ಮ ಬೆಟ್ಟಗಳಲ್ಲಿ ಎಂದೂ ಕಡಿಮೆಯಾಗಿಲ್ಲ. ಆದರೆ ಆ ಕತೆಯನ್ನು ಬಿಡಿಬಿಡಿ ಚಿತ್ರಗಳಾಗಿ ಒಡೆದು, ಬಣ್ಣ ತುಂಬಿ, ಬೆಳಕಿನ ಮುಂದೆ ಓಡಿಸಿ, ಮಗು ಕುಳಿತ ಜಾಗದಿಂದ ಏಳದಂತೆ ನೋಡಿಕೊಳ್ಳುವ ವಿದ್ಯೆಯಲ್ಲಿ, ಕತೆಯ ಕಟ್ಟಡವೆಂಬ ಕಣ್ಣಿಗೆ ಕಾಣದ ಕೆಲಸಕ್ಕೆ ತಮ್ಮ ಆಯುಷ್ಯದ ಬಹುಭಾಗವನ್ನು ಕೊಟ್ಟವರೆಂದರೆ ಶ್ರೀಮತಿ ಉರ್ಕುಯಾ ಸಾದಿಕೋವಾ ಅವರು. ಚಿತ್ರ ಬರೆದವರ ಕೈಯನ್ನು ಜನ ಹೊಗಳುತ್ತಾರೆ, ಹಾಡು ಕಟ್ಟಿದವರ ಹೆಸರು ಕೇಳಿ ತಿಳಿದುಕೊಳ್ಳುತ್ತಾರೆ. ಎರಡನೆಯ ಘಟನೆ ಮೊದಲು ಬಂದಿದ್ದರೆ ಮಗು ಆಕಳಿಸುತ್ತಿತ್ತು ಎಂದು ತಿಳಿದವರು ಯಾರೆಂದು ಮಾತ್ರ ಯಾರೂ ವಿಚಾರಿಸುವುದಿಲ್ಲ. ಈ ವಸಂತದಲ್ಲಿ ಅವರು ನಿವೃತ್ತರಾಗುತ್ತಿರುವಾಗ ಅದನ್ನು ಹೇಳಬೇಕಾದವರು ಅವರ ಪಕ್ಕದ ಕೋಣೆಯಲ್ಲಿ ಬಣ್ಣ ಹಚ್ಚಿದ ನಾವೇ.

ಉರ್ಕುಯಾ ಅವರು ಕೋಚ್ಕೋರ್ ಕಣಿವೆಯಲ್ಲಿ ಕುರಿ ಕಾಯುವವರ ಮನೆಯಲ್ಲಿ ಹುಟ್ಟಿದರು. ಬಿಷ್ಕೆಕ್ ನಗರವನ್ನು ಇನ್ನೂ ಫ್ರುಂಜೆ ಎಂದು ಕರೆಯುತ್ತಿದ್ದ ಕಾಲದಲ್ಲಿ ಮಕ್ಕಳಿಗೆ ಕಾರ್ಟೂನ್ ಚಿತ್ರ ತಯಾರಿಸುವ ನಮ್ಮ ಚಿತ್ರಶಾಲೆಗೆ ಬಂದು, ಮೊದಲು ಎಲ್ಲರಂತೆ ಪಾರದರ್ಶಕ ಹಾಳೆಗಳಿಗೆ ಬಣ್ಣ ಹಚ್ಚಿದರು. ಅವರನ್ನು ಕತೆಯ ವಿಭಾಗಕ್ಕೆ ಕರೆದುಕೊಂಡದ್ದು ಅವರ ಕುಂಚವನ್ನು ಮೆಚ್ಚಿಯಲ್ಲ. ಬಣ್ಣ ಹಚ್ಚುತ್ತಲೇ ಅವರು ಗೊಣಗುತ್ತಿದ್ದರು: "ಈ ನರಿ ಇಲ್ಲಿಗ್ಯಾಕೆ ಬಂತು? ಬಂದಿದ್ದೇ ಹೌದಾದ್ರೆ ಸುಮ್ನೆ ಯಾಕ್ ಹೋಯ್ತು?" ಆ ಗೊಣಗಾಟ ನಿರ್ದೇಶಕರ ಕಿವಿಗೆ ಬಿತ್ತು. ಹೊಸಬಳೊಬ್ಬಳು ಹೆರಿಗೆಯಾದ ಮೇಲೆ ಕೆಲಸ ಬಿಡುವುದೇ ಸರಿಯೆಂದುಕೊಂಡಾಗ, ತೊಟ್ಟಿಲನ್ನು ಬಣ್ಣದ ಕೋಣೆಗೇ ತರಿಸಿ, ಆಕ್ಷೇಪಿಸಿದ ಮೇಲ್ವಿಚಾರಕರಿಗೆ "ನಮ್ಮ ಪ್ರೇಕ್ಷಕರು ಬಂದಿದಾರೆ, ಒಳಗ್ ಬಿಡಿ" ಎಂದವರು ಇವರೇ. ನಮ್ಮಲ್ಲಿ ಅಕ್ಕಂದಿರನ್ನು ಕರೆಯುವಂತೆ ಎಲ್ಲರೂ ಅವರನ್ನು ಎಜೆ ಎನ್ನತೊಡಗಿದ್ದು ಆ ದಿನಗಳಿಂದ.

ಅವರ ಕೆಲಸದ ರೀತಿ ಯಾವ ಪಾಠಶಾಲೆಯದೂ ಆಗಿರಲಿಲ್ಲ. ಗೋಡೆಗೊಂದು ದಪ್ಪ ಉಣ್ಣೆಯ ಹಾಸನ್ನು ತೂಗುಹಾಕಿ, ಇಡೀ ಚಿತ್ರದ ಕತೆಯನ್ನು ಸಣ್ಣ ಸಣ್ಣ ರೇಖಾಚಿತ್ರಗಳಲ್ಲಿ ಬರೆದು, ಅದಕ್ಕೆ ಗುಂಡುಸೂಜಿಯಿಂದ ಚುಚ್ಚುತ್ತಿದ್ದರು. ಆಮೇಲೆ ಹಾಸನ್ನು ಚಿತ್ರಗಳ ಸಮೇತ ಸುತ್ತಿ, ರಸ್ತೆಯಾಚೆಯ ಶಿಶುವಿಹಾರಕ್ಕೆ ಹೊತ್ತು, ಮಕ್ಕಳ ಮುಂದೆ ಬಿಚ್ಚಿ, ಕೋಲಿನಿಂದ ತೋರಿಸುತ್ತಾ ಕತೆ ಹೇಳುತ್ತಿದ್ದರು. ಜೊತೆಗೆ ಒಂದು ಬಟ್ಟೆ ತುಂಬ ಬೂರ್ಸೋಕ್ ಕರಿದು ತಂದು ನಡುವೆ ಇಡುತ್ತಿದ್ದರು. ಮಕ್ಕಳಿಗೆ ತಿಂಡಿ ಕೊಡುವ ಪ್ರೀತಿ ಅದರಲ್ಲಿ ಇದ್ದದ್ದು ನಿಜ, ಆದರೆ ಅಷ್ಟೇ ಅಲ್ಲ. ಯಾವ ಚಿತ್ರ ಬಂದಾಗ ಕೈಗಳು ಬೂರ್ಸೋಕಿನ ಕಡೆ ಹೋಗುತ್ತಿದ್ದವೋ ಆ ಚಿತ್ರ ಸಂಜೆಯೊಳಗೆ ಹಾಸಿನಿಂದ ಇಳಿಯುತ್ತಿತ್ತು. "ಆಮೇಲೆ?" ಎಂದು ಮಗು ಕೇಳಿದರೆ ಕತೆ ನಡೆಯುತ್ತಿದೆ ಎಂದೂ, "ಯಾಕೆ?" ಎಂದು ಕೇಳಿದರೆ ಎಲ್ಲೋ ಹಿಂದೆಯೇ ಮುರಿದಿದೆ ಎಂದೂ ಅವರು ತಿಳಿದಿದ್ದರು.

ಅವರ ಹೆಸರು ಉಳಿಯುವುದು ಕಾಲ್ಕಟ್ಟಿನ ಹುಡುಗಿಯ ಚಿತ್ರದಿಂದ. ಆ ಚಿತ್ರ ಹೇಗೆ ಮುಗಿಯಿತು ಎಂಬುದು ನಮ್ಮ ಬಣ್ಣದ ಕೋಣೆಯ ಹೊರಗೆ ಹೆಚ್ಚಿನವರಿಗೆ ತಿಳಿಯದು.

ಮಗು ನಡೆಯಲು ಕಲಿತಾಗ ನಾವು ಅದರ ಎರಡೂ ಕಾಲಿಗೆ ಸೇರಿಸಿ ಕಪ್ಪುಬಿಳಿ ಉಣ್ಣೆಯ ದಾರ ಕಟ್ಟಿ ನಿಲ್ಲಿಸುತ್ತೇವೆ. ಊರವರು ದೂರದಿಂದ ಓಡಿಬರುತ್ತಾರೆ, ಗೆದ್ದವರು ಚಾಕುವಿನಿಂದ ಆ ಕಾಲ್ಕಟ್ಟನ್ನು ಕತ್ತರಿಸುತ್ತಾರೆ. ಕತ್ತರಿಸಿದವರ ನಡಿಗೆ ಮಗುವಿಗೆ ಬರುತ್ತದೆಂದು ನಂಬುತ್ತೇವೆ. ಉರ್ಕುಯಾ ಅವರ ಕಾಲ್ಕಟ್ಟನ್ನು ಕತ್ತರಿಸಿದ್ದು ಅವರ ಅಣ್ಣ ಅಸಾನ್‌ಕುಲ್. ಅಣ್ಣತಂಗಿ ಇಬ್ಬರೂ ಬಲಭುಜವನ್ನು ತುಸು ಮುಂದೆ ಮಾಡಿ, ಎದುರುಗಾಳಿಗೆ ಹೋಗುವವರಂತೆ ನಡೆಯುತ್ತಿದ್ದರಂತೆ. ತಂಗಿಯ ನಡಿಗೆಯನ್ನು ನಾವು ಕಂಡಿದ್ದೇವೆ, ಅಣ್ಣನನ್ನು ಕಂಡವರಿಲ್ಲ. ಅವನು ಉತ್ತರದ ಗಣಿಗಳಿಗೆ ದುಡಿಯಲು ಹೋದವನು ತಿರುಗಿ ಬರಲಿಲ್ಲ. ಸತ್ತನೆಂಬ ಸುದ್ದಿಯೂ ಬರಲಿಲ್ಲ.

ಚಿತ್ರದ ಕತೆಯನ್ನು ಎಜೆ ತಾವೇ ಕಟ್ಟಿದರು. ಪುಟ್ಟ ಹುಡುಗಿಯೊಬ್ಬಳ ಕಾಲ್ಕಟ್ಟಿನ ದಿನ ಓಟದಲ್ಲಿ ಗೆದ್ದ ಅವಳ ಅಣ್ಣನನ್ನು, ಇನ್ನೇನು ದಾರಕ್ಕೆ ಚಾಕು ತಾಗಿಸಬೇಕು ಎನ್ನುವಾಗ, ಗಾಳಿ ಎತ್ತಿಕೊಂಡು ಬೆಟ್ಟ ದಾಟುವ ಕಣಿವೆದಾರಿಯ ಆಚೆಗೆ ಒಯ್ಯುತ್ತದೆ. ಗೆದ್ದವನೇ ಕತ್ತರಿಸಬೇಕಾದ್ದರಿಂದ ಬೇರೆ ಯಾರೂ ಮುಟ್ಟುವಂತಿಲ್ಲ. ಹುಡುಗಿ ಬೆಳೆದಂತೆ ದಾರವೂ ಬೆಳೆಯುತ್ತದೆ. ಕೊನೆಗೊಂದು ದಿನ ಅವಳು ಕುಪ್ಪಳಿಸುತ್ತಾ ಅಣ್ಣನನ್ನು ಹುಡುಕಿ ಹೊರಡುತ್ತಾಳೆ. ಹೊಳೆಯಲ್ಲಿ ಕೊಚ್ಚಿಹೋಗುವಾಗ ಕಾಲಿನ ದಾರ ಬೇರಿಗೆ ಸಿಕ್ಕಿ ಬದುಕುತ್ತಾಳೆ. ಹಿಮಚಿರತೆ ಓಡುವುದನ್ನು ಮಾತ್ರ ಅಟ್ಟುತ್ತದೆ, ಇವಳಿಗೆ ಓಡಲಾಗದು, ಹಾಗಾಗಿ ಅದು ಮೂಸಿ ಬಿಟ್ಟುಬಿಡುತ್ತದೆ. ನೀರು ಹೆಪ್ಪುಗಟ್ಟಿದ ನೀರ್ಗಲ್ಲಿನ ಮೇಲೆ ಕಿರುಹೆಜ್ಜೆಯಿಂದಾಗಿ ಜಾರುವುದಿಲ್ಲ. ಆಚೆ ಬದಿಯಲ್ಲಿ ಅಣ್ಣ ಕಾಯುತ್ತಿರುತ್ತಾನೆ, ದಾರ ಕತ್ತರಿಸುತ್ತಾನೆ, ಇಬ್ಬರೂ ಮನೆಗೆ ಬರುತ್ತಾರೆ. ಕಲಾಮಂಡಳಿ ಒಪ್ಪಿತು. ಅಣ್ಣನ ಮುಖವನ್ನು ಎಜೆ ಯಾರಿಗೂ ಬಿಡದೆ ತಾವೇ ಬರೆದರು. ಯಾರ ಮುಖವೆಂದು ಯಾರೂ ಕೇಳಲಿಲ್ಲ. ಕೊನೆಯ ಭಾಗದ ಹಾಳೆಗಳಿಗೆ ಬಣ್ಣ ಹಚ್ಚಿ ಒಣಗಿಸಿದ ಮೇಲೆ, ರೂಢಿಯಂತೆ, ಹಾಸನ್ನು ಇನ್ನೊಮ್ಮೆ ಶಿಶುವಿಹಾರಕ್ಕೆ ಒಯ್ದರು.

ಬೂರ್ಸೋಕನ್ನು ಯಾರೂ ಮುಟ್ಟಲಿಲ್ಲ. ಎಜೆ ಹಿಗ್ಗಿದರು. ಅಷ್ಟರಲ್ಲಿ ಮೀರಿಮ್ ಎಂಬ ಹುಡುಗಿ ಎದ್ದು ನಿಂತಳು.

"ದಾರ ಕತ್ತರಿಸಿಬಿಟ್ರೆ ಅವಳು ವಾಪಸ್ ಹೇಗ್ ಹೋಗ್ತಾಳೆ?"

"ನಡ್ಕೊಂಡು ಹೋಗ್ತಾಳೆ ಕಂದಾ. ಜೊತೇಲಿ ಅಣ್ಣ ಇದಾನಲ್ಲ."

"ಅಣ್ಣನ ಕಾಲಲ್ಲೂ ದಾರ ಇಲ್ಲ. ಇಬ್ರೂ ಜಾರ್ತಾರೆ. ಚಿರತೆ ಬಂದ್ರೆ ಅಣ್ಣ ಓಡ್ತಾನೆ. ತಿಂದ್ಬಿಡತ್ತೆ."

ಮಿಕ್ಕ ಮಕ್ಕಳೆಲ್ಲ ಗಂಭೀರವಾಗಿ ತಲೆಯಾಡಿಸಿದರು.

ಹೊರನಾಡಿನವರು ಯಾರಾದರೂ ಈ ಕತೆ ಕಟ್ಟಿದ್ದರೆ ಈ ತಪ್ಪು ಆಗುತ್ತಿರಲಿಲ್ಲವೇನೋ. ಕಾಲ್ಕಟ್ಟು ಹಾಗೆಯೇ ಉಳಿದವರು ಬದುಕಿಡೀ ಎಡವುತ್ತಾರೆ ಎಂದು ಹಾಲಿನ ಜೊತೆ ಕುಡಿದು ಬೆಳೆದವರು ನಾವು. ಮಕ್ಕಳು ನಗಲೆಂದು ಮೂರು ಸಲವೂ ಅದೇ ದಾರದಿಂದ ಹುಡುಗಿಯನ್ನು ಬದುಕಿಸಿದ್ದೆವು. ಬದುಕಿಸಿದ ದಾರವನ್ನು ಕತ್ತರಿಸುವುದನ್ನೇ ಸುಖಾಂತವೆಂದುಕೊಂಡಿದ್ದೆವು. ಇಡೀ ಚಿತ್ರಶಾಲೆಯಲ್ಲಿ ಒಬ್ಬರಿಗೂ ಅದು ಕಂಡಿರಲಿಲ್ಲ.

ಮುಖ್ಯ ಚಿತ್ರಕಾರ ಟಾಲಿಪ್ ಎಜೆಯ ಹಳೆಯ ಜೊತೆಗಾರ, ಬಾಯಿ ಸ್ವಲ್ಪ ಜೋರು. ಅಂದು ಚಹಾದ ಹೊತ್ತಿನಲ್ಲಿ ಅವನು ಹಾಸಿನ ಮುಂದೆ ನಿಂತು ಗಡ್ಡ ಕೆರೆದುಕೊಂಡ.

"ಅವಳೇ ಕತ್ತರಿಸ್ಕೊಳ್ಳಲಿ ಬಿಡಿ ಎಜೆ. ಈಗಿನ ಕಾಲದ ಹುಡುಗಿ."

"ತನ್ನ ಕಾಲ್ಕಟ್ಟನ್ನ ತಾನೇ ಕತ್ತರಿಸ್ಕೊಂಡೋರನ್ನ ಎಲ್ಲಾದ್ರೂ ನೋಡಿದೀಯೇನೋ? ನಿಮ್ಮಮ್ಮ ಕೇಳಿಸ್ಕೊಂಡ್ರೆ ಕಿವಿ ಹಿಂಡ್ತಾಳೆ."

"ಹಂಗಾದ್ರೆ ಮಂಡಳಿಗೆ ಇದೇ ಕೊಟ್ಬಿಡೋಣ. ಅವರಲ್ಲಿ ಯಾರೂ ಮೀರಿಮ್‌ನಷ್ಟು ಬುದ್ಧಿವಂತರಿಲ್ಲ."

"ಚಿತ್ರ ನೋಡೋದು ಮಂಡಳಿಯಲ್ಲ."

ಟಾಲಿಪ್ ಲೋಟ ಕೆಳಗಿಟ್ಟು, ದನಿ ಇಳಿಸಿದ. "ಅಣ್ಣನ್ನ ಬಿಟ್ಬಿಡೋಣ ಎಜೆ. ಅವನು ಸಿಗದೇ ಹೋದ್ರೆ ಕತೆ ಸರಿಹೋಗತ್ತೆ. ನಿಮಗೂ ಗೊತ್ತು."

"ಬಿಡೋಕೆ ಅವನೇನು ನನ್ನ ಕೈಲಿದಾನಾ?" ಎಂದರು ಎಜೆ.

ಮೊದಲ ಹಿಮ ಬೀಳುವ ಮೊದಲು ಚಿತ್ರವನ್ನು ಒಪ್ಪಿಸದಿದ್ದರೆ ಎಲ್ಲವನ್ನೂ ಕಟ್ಟಿ ಉಗ್ರಾಣಕ್ಕೆ ಹಾಕುವುದಾಗಿ ಮೇಲಿನಿಂದ ಹೇಳಿಕಳಿಸಿದ್ದರು. ಉಗ್ರಾಣಕ್ಕೆ ಹೋದ ಚಿತ್ರ ಹೊರಬಂದದ್ದನ್ನು ನಾವು ಕಂಡಿಲ್ಲ. ಎಜೆಗೆ ಅದೊಂದೇ ಸಂಕಟವಾಗಿರಲಿಲ್ಲ. ನೆಲದ ಮೇಲೆ ಬಾರದ ಅಣ್ಣ ಪರದೆಯ ಮೇಲಾದರೂ ಮನೆಗೆ ಬರಲಿ ಎಂದು ಕಟ್ಟಿದ ಕತೆ ಅದು. ಅವನನ್ನು ತೆಗೆದರೆ ಕತೆ ಉಳಿಯುತ್ತಿತ್ತು, ಇಟ್ಟರೆ ಮಕ್ಕಳು ನಂಬುತ್ತಿರಲಿಲ್ಲ.

ಆ ವಾರ ಅವರು ಕೋಚ್ಕೋರಿಗೆ, ಸೋದರಸೊಸೆಯ ಮಗುವಿನ ಕಾಲ್ಕಟ್ಟಿಗೆಂದು ಹೋದರು. ಮುಂದಿನದನ್ನು ಅವರೇ ನಗುತ್ತಾ ನಮಗೆ ಹೇಳಿದ್ದಾರೆ. ಓಟಕ್ಕೆ ಸಾಲು ನಿಂತಾಗ ಇವರು ಬದಿಗೆ ಸರಿದು ಕೈಕಟ್ಟಿ ನಿಂತಿದ್ದರು. ಅವರ ಮುದಿ ದೊಡ್ಡಮ್ಮ ಕೂಗಿದರು:

"ಏನೇ ಪಟ್ಟಣದೋಳೇ, ನೀನೇನು ಇಲ್ಲಿ ಸಿನಿಮಾ ನೋಡೋಕೆ ಬಂದಿದೀಯಾ? ಓಡು!"

"ಈ ಮಂಡಿ ನೋಡು ದೊಡ್ಡಮ್ಮ, ನಾನೆಲ್ಲಿ ಓಡ್ಲಿ?"

"ನಿಮ್ಮಣ್ಣ ಇದ್ದಿದ್ರೆ ಓಡ್ತಿದ್ದ. ಅವನಿಲ್ಲ. ಅವನ ಪಾಲಿಂದು ನೀನು ಓಡು!"

ಪಟ್ಟಣದ ಚಪ್ಪಲಿಯನ್ನು ಬಿಸಾಡಿ ಎಜೆ ಓಡಿದರು. ಮುಂದಿದ್ದ ಹುಡುಗರು ನಗು ತಡೆಯಲಾರದೆ ಒಬ್ಬರ ಮೇಲೊಬ್ಬರು ಬಿದ್ದರು. ಹಾಗೆ ಗೆದ್ದದ್ದು, ಅದರಲ್ಲಿ ದೊಡ್ಡಸ್ತಿಕೆಯೇನಿಲ್ಲ ಎನ್ನುತ್ತಾರೆ. ಚಾಕು ಕೈಗೆ ಬಂತು, ದಾರ ಕತ್ತರಿಸಿದರು, ಇಬ್ಬರು ಮುದುಕಿಯರು ಮಗುವಿನ ಕೈಹಿಡಿದು ನಡೆಸಿದರು. ಮಗು ಬಲಭುಜವನ್ನು ತುಸು ಮುಂದೆ ಚಾಚಿ ನಾಲ್ಕು ಹೆಜ್ಜೆ ಇಟ್ಟು ಧೊಪ್ಪನೆ ಕುಳಿತಿತು. ಎಲ್ಲ ಮಕ್ಕಳೂ ಹಾಗೆಯೇ ತಡವರಿಸುತ್ತವೆ ಎಂದು ನೀವು ಹೇಳಬಹುದು. ಎಜೆ ಮಾತ್ರ ಅಲ್ಲಿಯೇ, ಹುಲ್ಲಿನ ಮೇಲೆ, ಮಗುವಿನ ಪಕ್ಕದಲ್ಲಿ ಕುಳಿತುಬಿಟ್ಟರಂತೆ.

ಮರಳಿದವರೇ ಹಾಸಿನಿಂದ ಕೊನೆಯ ಸಾಲನ್ನು ಕಿತ್ತರು. ಹೊಸ ಕೊನೆಯಲ್ಲಿ ಹುಡುಗಿ ಆಚೆ ಬದಿಗೆ ತಲುಪುತ್ತಾಳೆ, ಅಲ್ಲಿ ಅಣ್ಣ ಇರುವುದಿಲ್ಲ, ಗಾಳಿ ಅವನನ್ನು ಇನ್ನೂ ಮುಂದಿನ ಬೆಟ್ಟಕ್ಕೆ ಒಯ್ದಿರುತ್ತದೆ. ಅವಳು ಅವನ ಹೆಸರು ಹಿಡಿದು ಕೂಗುತ್ತಾಳೆ, ಮರುದನಿಗೆ ಕಿವಿಗೊಡುತ್ತಾಳೆ, ಊರ ಕಡೆ ಹಿಂದಿರುಗುತ್ತಾಳೆ. ನೀರ್ಗಲ್ಲು, ಚಿರತೆ, ಹೊಳೆ, ಬಂದ ದಾರಿಯೇ ಹಿಂದುಮುಂದಾಗಿ ಬರುತ್ತದೆ. ಊರಲ್ಲಿ ಬೇರೊಂದು ಮಗುವಿನ ಕಾಲ್ಕಟ್ಟಿನ ಓಟ ನಡೆಯುತ್ತಿರುತ್ತದೆ. ಕಾಲು ಕಟ್ಟಿದವಳು ಹೊಳೆ ದಾಟಿ ಕಲಿತ ಕುಪ್ಪಳಿಕೆಯಲ್ಲಿ ಎಲ್ಲರನ್ನೂ ಹಿಂದಿಕ್ಕಿ ಆ ಮಗುವಿನ ದಾರ ಕತ್ತರಿಸುತ್ತಾಳೆ. ಅವಳದು ಹಾಗೆಯೇ ಉಳಿಯುತ್ತದೆ.

ಆಗ ನಮ್ಮಲ್ಲಿ ಪಾರದರ್ಶಕ ಹಾಳೆಗಳಿಗೆ ಬರ. ಬೇಡವಾದ ಚಿತ್ರಗಳನ್ನು ತೊಳೆದು ಅದೇ ಹಾಳೆಯ ಮೇಲೆ ಹೊಸದನ್ನು ಬರೆಯಬೇಕಿತ್ತು. ತೊಳೆಯುವುದು ಎಳೆಯ ಹುಡುಗಿಯರ ಕೆಲಸ. ಅಣ್ಣನ ಹಾಳೆಗಳ ಕಟ್ಟನ್ನು ಅವರು ಎತ್ತಿಕೊಳ್ಳಲು ಹೋದಾಗ ಎಜೆ "ಅದಿಲ್ಲಿ ತನ್ನಿ" ಎಂದರು. ಬಕೆಟಿನ ಮುಂದೆ ಕುಳಿತು, ಅಂಗಿಯ ತೋಳು ಮಡಚಿ, ಒಂದೊಂದೇ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿ, ನೀರಿಗೆ ಇಳಿಸಿದರು. ಹುಬ್ಬು ಹೋಯಿತು, ಟೊಪ್ಪಿಗೆ ಹೋಯಿತು, ನಗು ಹೋಯಿತು. ಬಣ್ಣದ ನೀರನ್ನು ತಾವೇ ಹೊತ್ತು ಬೀದಿಯ ಕಾಲುವೆಗೆ ಸುರಿದರು.

ಚಿತ್ರ ಹಿಮಕ್ಕೆ ಮೊದಲೇ ಮುಗಿಯಿತು. ಮಂಡಳಿಯ ಅಧ್ಯಕ್ಷರು "ಕೊನೆ ಸ್ವಲ್ಪ ದುಃಖದ್ದಾಯಿತಲ್ಲ" ಎಂದರು. ಅವರ ಪಕ್ಕದ ಸಾಲಿನಲ್ಲಿ ಕುಳಿತಿದ್ದ ಮೀರಿಮ್ ಏನನ್ನೂ ಕೇಳಲಿಲ್ಲ, ಮುಖ ಒರೆಸಿಕೊಂಡಳು, ಇನ್ನೊಮ್ಮೆ ತೋರಿಸಿ ಎಂದಳು. ಅಂದಿನಿಂದ ಈವರೆಗೆ ಎಷ್ಟು ಮಕ್ಕಳು ಅದನ್ನು ನೋಡಿದ್ದಾರೋ ಲೆಕ್ಕವಿಟ್ಟವರಿಲ್ಲ. ದೇಶದ ಹೆಸರು ಬದಲಾಯಿತು, ರೂಬಲ್ ಹೋಗಿ ಸೋಮ್ ಬಂತು, ಚಿತ್ರಶಾಲೆಯ ಅರ್ಧ ಕಟ್ಟಡ ಪೀಠೋಪಕರಣದ ಅಂಗಡಿಯಾಯಿತು. ಉಳಿದರ್ಧದಲ್ಲಿ ಎಜೆ ಹೊಸಬರಿಗೆ ಕತೆ ಕಟ್ಟುವುದನ್ನು ಕಲಿಸುತ್ತಾ ಬಂದರು. ಕೊನೆ ಹೊಳೆಯದೆ ಒದ್ದಾಡುವವರಿಗೆ, ನಿಮಗೆ ಬೇಕಾದ್ದನ್ನು ಒಂದು ಕಡೆ ಇಡಿ, ಕತೆ ಈವರೆಗೆ ಏನು ಹೇಳಿದೆಯೋ ಅದನ್ನು ಕೇಳಿ ಎನ್ನುತ್ತಿದ್ದರು. ಅವರಿಗೆ ಆ ಮಾತು ಎಷ್ಟು ದುಬಾರಿಯಾಗಿತ್ತೆಂದು ಹೊಸಬರಿಗೆ ತಿಳಿದಿರಲಿಲ್ಲ.

ಕಳೆದ ತಿಂಗಳು ಅವರ ಕೋಣೆ ಖಾಲಿಮಾಡಲು ನೆರವಾಗಲು ಹೋದೆವು. ಹಾಸಿನ ಮೇಲೆ ಹೊಸದೊಂದು ಚಿತ್ರ, ಒಂದೇ ಒಂದು, ಚುಚ್ಚಿತ್ತು. ದೂರ ಹೊರಟವರು ರೊಟ್ಟಿಯನ್ನು ಒಂದು ಕಡಿ ಕಚ್ಚಿ ಹೋಗುತ್ತಾರೆ, ಮಿಕ್ಕದ್ದನ್ನು ಅವರು ಬಂದು ತಿನ್ನುವವರೆಗೆ ಮನೆಯವರು ಗೋಡೆಗೆ ತೂಗುಹಾಕುತ್ತಾರಲ್ಲ, ಆ ಕಚ್ಚಿದ ರೊಟ್ಟಿ.

ಈಗ ಊರುಗೋಲು ಹಿಡಿದಿರುವ ಟಾಲಿಪ್ ಹತ್ತಿರ ಬಂದು ಬಗ್ಗಿ ನೋಡಿದ. "ಈ ಸಲ ಬಂದು ತಿಂತಾನಾ ಎಜೆ?"

"ಗೊತ್ತಿಲ್ಲ ಕಣೋ. ಇನ್ನೂ ಒಂದೇ ಚಿತ್ರ ಆಗಿದೆ. ಅವಸರ ಮಾಡ್ಬೇಡ."

ಅವಸರ ನಮಗೂ ಇಲ್ಲ. ಉರ್ಕುಯಾ ಎಜೆ ಅವರ ಮಂಡಿಗೆ ಬಲವೂ ಕಣ್ಣಿಗೆ ಬೆಳಕೂ ಇರಲಿ, ಮಕ್ಕಳ ಪ್ರಶ್ನೆಗಳಿಗೆ ಹೆದರದ ಅವರ ಧೈರ್ಯ ಹಾಗೆಯೇ ಇರಲಿ. ಹಾಸಿನ ಮೇಲೆ ಒಂದರ ಪಕ್ಕ ಒಂದು ಚಿತ್ರ ಸೇರುತ್ತಾ, ಕತೆ ತಾನಾಗಿಯೇ ಒಪ್ಪಿ, ಯಾವ ಮಗುವೂ ಅಲ್ಲವೆನ್ನಲಾಗದ ಹಾಗೆ, ಒಂದು ಮಧ್ಯಾಹ್ನ ಆ ಮನೆಯ ಬಾಗಿಲು ತೆರೆದು ಯಾರೋ ಒಳಗೆ ಬಂದು ಕೈತೊಳೆದು ಊಟಕ್ಕೆ ಕೂರುವವರೆಗೆ ಅವರು ನಮ್ಮ ನಡುವೆ ಬಾಳಲಿ. ರೊಟ್ಟಿ ಅಲ್ಲಿಯವರೆಗೆ ಗೋಡೆಯ ಮೇಲಿರುತ್ತದೆ.