ನೂಡಲ್ಸ್ ಅಂಗಡಿಯ ಹುಡುಗಿ ಕತ್ತಿ ಹಿಡಿದಾಗ

ಬಿ.ಎಡ್. ಮುಗಿಸಿ ಕೆಲಸಕ್ಕೆ ಕಾಯುತ್ತಿದ್ದ ವರ್ಷ ನಾನು ಇಂಡಿಯಲ್ಲಿ ಅಣ್ಣನ ಮನೆಯಲ್ಲಿದ್ದೆ. ಮಧ್ಯಾಹ್ನ ಊಟವಾದ ಮೇಲೆ ನಾನೂ ವೈನಿಯೂ, ಅಂದರೆ ಅಣ್ಣನ ಹೆಂಡತಿ, ಮೊಬೈಲಿನಲ್ಲಿ ಒಂದು ಜಪಾನಿ ಅನಿಮೆ, ಅಂದರೆ ಕಾರ್ಟೂನ್ ಧಾರಾವಾಹಿ, ನೋಡುತ್ತಿದ್ದೆವು. ರೈಲು ನಿಲ್ದಾಣದ ಪಕ್ಕ ಸಣ್ಣ ನೂಡಲ್ಸ್ ಅಂಗಡಿ ನಡೆಸುವ ಹುಡುಗಿಯ ಕಥೆ. ಅದರಲ್ಲಿ ದೊಡ್ಡದೇನೂ ನಡೆಯುತ್ತಿರಲಿಲ್ಲ. ಗಿರಾಕಿಗಳು ಬಂದು, ತಮ್ಮ ಸುಖದುಃಖ ಹೇಳಿಕೊಂಡು, ಉಂಡು ಹೋಗುತ್ತಿದ್ದರು. ಕೊನೆಯ ಕಂತಿನಲ್ಲಿ ಅವಳು ಊರು ಬಿಡಲೆಂದು ರೈಲಿನ ಮುಂದೆ ನಿಂತಿದ್ದಳು. ಹತ್ತಿದಳೋ ಇಲ್ಲವೋ ತೋರಿಸಲಿಲ್ಲ.

ಐದು ವರ್ಷ ನಾವು ಆ ಹುಡುಗಿಯನ್ನು ಬಿಡಲಿಲ್ಲ. ನಾನು ಸಿಂದಗಿಯಲ್ಲಿ ಶಿಕ್ಷಕಿಯಾದ ಮೇಲೂ ಫೋನಿನಲ್ಲಿ ಅವಳದೇ ಮಾತು. ಹತ್ತಿಲ್ಲ ಎಂದು ವೈನಿ, ಹತ್ತಿದ್ದಾಳೆ ಎಂದು ನಾನು. ಎರಡನೇ ಭಾಗ ಬಂತೆಂದು ತಿಳಿದಾಗ, ಒಬ್ಬರನ್ನು ಬಿಟ್ಟು ಒಬ್ಬರು ನೋಡಬಾರದೆಂದು ಮಾತಾಡಿಕೊಂಡೆವು. ರವಿವಾರ ಬೆಳಿಗ್ಗೆ ತಾಂಬಾ ಊರಿನ ಮೇಲೆ ಹಾದುಹೋಗುವ ಬಸ್ಸು ಹಿಡಿದು ಇಂಡಿಗೆ ಬಂದೆ. ವೈನಿ ಚುರುಮುರಿ ಚೂಡಾ ಮಾಡಿಟ್ಟು, ಟಿವಿ ಹಚ್ಚಿಕೊಂಡು ಕಾಯುತ್ತಿದ್ದರು.

ಮೊದಲ ಕಂತಿನಲ್ಲೇ ಹುಡುಗಿಯ ಕೈಗೆ ಕತ್ತಿ ಬಂತು. ಅವಳು ರಾಕ್ಷಸರಿಂದ ಜಗತ್ತನ್ನು ಕಾಪಾಡಬೇಕಿತ್ತು. ರೈಲು ಹತ್ತಿದಳೋ ಇಲ್ಲವೋ ಎಂಬ ಮಾತೇ ಇರಲಿಲ್ಲ. ಚಿತ್ರಗಳೇನೋ ಮೊದಲಿಗಿಂತ ಚೆಂದವಿದ್ದವು. ಆದರೂ ಇವಳು ನಮ್ಮ ಹುಡುಗಿ ಅನ್ನಿಸಲಿಲ್ಲ.

"ಈಕಿ ಜಗತ್ತು ಉಳಸಾಕ ಹೊಂಟಾಳ," ಕೊನೆಗೆ ವೈನಿ ಅಂದರು. "ಅಂಗಡಿ ಯಾರು ನೋಡ್ಕೋತಾರ?"

ನನಗೆ ನಗು ತಡೆಯಲಾಗಲಿಲ್ಲ. ಅಷ್ಟರಲ್ಲಿ ಲಿಂಬೆ ತೋಟದಿಂದ ಬಂದ ಅಣ್ಣ ಕುರ್ಚಿ ಎಳೆದು ಕುಳಿತ. ಮೊದಲ ಭಾಗದ ಒಂದು ಕಂತನ್ನೂ ನೋಡಿರದ ಅವನಿಗೆ ಇದು ಬಹಳ ಹಿಡಿಸಿತು. ಟಿವಿ ಆರಿಸಲು ಹೋದರೆ ಬಿಡಲಿಲ್ಲ. ಮೂರು ಕಂತು ನೋಡಿ ಮುಗಿಸಿ, ನೀವ್ಯಾಕೆ ಮುಖ ಗಂಟು ಹಾಕಿದ್ದೀರಿ, ಮೊದಲಿನದರಲ್ಲಿ ಅಂಥದ್ದೇನಿತ್ತು ಎಂದು ಕೇಳಿದ.

ವೈನಿ ಹೇಳತೊಡಗಿದರು. ದಿನಾ ಬರುವ ಮುದುಕ ಮಾಸ್ತರರಿಗೆ ಹುಡುಗಿ ಉಪ್ಪು ಕಡಿಮೆ ಹಾಕುತ್ತಿದ್ದದ್ದು, ಅವರ ಕಣ್ಣು ಮಂಜಾದ ಮೇಲೆ ಮಗಳ ಪತ್ರ ಓದಿ ಹೇಳಿದ್ದು, ಪತ್ರದಲ್ಲಿ ಇರದ ನಾಲ್ಕು ಒಳ್ಳೆಯ ಮಾತು ತಾನೇ ಸೇರಿಸಿದ್ದು. ಅಣ್ಣ ಚೂಡಾ ತಿನ್ನುವುದನ್ನು ಬಿಟ್ಟು ಕೇಳುತ್ತಿದ್ದ.

ಉಪ್ಪಿನ ಮಾತು ನನಗೂ ನೆನಪಿತ್ತು. ಪತ್ರ ಮಾತ್ರ ಯಾವ ಕಂತಿನಲ್ಲೂ ಇರಲಿಲ್ಲ. ತಮಗೆ ಬೇಕಾದ ಎರಡನೇ ಭಾಗವನ್ನು ವೈನಿ ಯಾವಾಗಲೋ ಮನಸ್ಸಿನಲ್ಲೇ ಮಾಡಿ ಮುಗಿಸಿದ್ದರು. ನಾನೂ ನನ್ನದೊಂದನ್ನು ಮಾಡಿಟ್ಟುಕೊಂಡಿದ್ದೆ. ಪಾಪ, ಜಪಾನಿನವರಿಗೆ ಅದು ಹೇಗೆ ಗೊತ್ತಾಗಬೇಕು? ವೈನಿಯ ಮಾತನ್ನು ನಾನು ತಿದ್ದಲು ಹೋಗಲಿಲ್ಲ.

ಉಳಿದ ಕಂತುಗಳನ್ನು ಅಣ್ಣ ಆ ವಾರ ಒಬ್ಬನೇ ನೋಡಿದ. ಶನಿವಾರ ನನಗೆ ಫೋನ್ ಮಾಡಿ, ಮೂರನೇ ಭಾಗ ಯಾವಾಗ ಬರುತ್ತದೆಂದು ವಿಚಾರಿಸಿದ.