ಘಟ್ಟ ಇಳಿದ ಮೇಲಿನ ಸೆಕೆ

ಅತ್ತೆಗೆ ಗಂಟಲಿನ ಕ್ಯಾನ್ಸರ್ ಎಂದು ಗೊತ್ತಾದದ್ದು ಮಾರ್ಚಿನಲ್ಲಿ. ಮಂಗಳೂರಿನ ಆಸ್ಪತ್ರೆಯಲ್ಲಿ ಆರು ವಾರ ರೇಡಿಯೇಷನ್, ವಾರಕ್ಕೆ ಐದು ದಿನ ಎಂದರು. ನನ್ನ ಗಂಡ ಬಾಳೂರಿನ ಕಡೆಯ ಕಾಫಿ ಎಸ್ಟೇಟೊಂದರಲ್ಲಿ ಆಳುಗಳ ಲೆಕ್ಕ ಬರೆಯುವ ರೈಟರ್, ಅಷ್ಟು ದಿನ ರಜೆ ಸಿಗುವ ಮಾತೇ ಇರಲಿಲ್ಲ. ನಾನು ಶಾಲೆಯಲ್ಲಿ ಪಾಠ ಮಾಡುವವಳು, ಬೇಸಿಗೆ ರಜೆ ಹತ್ತಿರವಿತ್ತು. ಹಾಗಾಗಿ ಸೋಮವಾರ ಬೆಳಿಗ್ಗೆ ಅತ್ತೆಯನ್ನು ಕಾರಿನಲ್ಲಿ ಕೂರಿಸಿಕೊಂಡು ಬಣಕಲ್ಲಿನಿಂದ ಹೊರಟು ಚಾರ್ಮಾಡಿ ಘಾಟಿ ಇಳಿಯುವುದು, ಆಸ್ಪತ್ರೆ ಹತ್ತಿರ ಹಿಡಿದಿದ್ದ ಕೋಣೆಯಲ್ಲಿ ಐದು ದಿನ ಇರುವುದು, ಶುಕ್ರವಾರ ಮತ್ತೆ ಘಾಟಿ ಹತ್ತುವುದು ನನ್ನ ಪಾಲಿಗೆ ಬಂತು.

ಮೂರನೇ ವಾರಕ್ಕೆ ಅತ್ತೆಯ ಕತ್ತಿನ ಚರ್ಮ ಕಪ್ಪಾಗಿ, ಬೆವರು ತಾಗಿದರೂ ಉರಿಯತೊಡಗಿತು. ಕಾರಿನ ಕಿಟಕಿ ತೆಗೆದರೆ ಧೂಳು, ಮುಚ್ಚಿದರೆ ಕರಾವಳಿಯ ಸೆಕೆ. ಎಸಿ ಹಾಕಿದರೆ ಬರುತ್ತಿದ್ದದ್ದು ಬಿಸಿಗಾಳಿ. ನಮ್ಮೂರಿನಲ್ಲಿ ಕಾರಿನ ಎಸಿ ಯಾರಿಗೆ ಬೇಕು? ಕೊಂಡ ಮೇಲೆ ಆ ಗುಂಡಿ ಒತ್ತಿದ್ದೇ ಅಪರೂಪ. ಊರಿನ ಗ್ಯಾರೇಜಿನಲ್ಲಿ ಗ್ಯಾಸ್ ತುಂಬಿಸಿದೆ. ನಾಲ್ಕು ದಿನ ತಣ್ಣಗೆ ಬಂದು, ಶುಕ್ರವಾರ ವಾಪಸ್ ಬರುವಾಗ ಮತ್ತೆ ಬಿಸಿಯಾಯಿತು.

ಅತ್ತೆ ಪಕ್ಕದ ಸೀಟಿನಲ್ಲಿ ಕೂತು, ಕತ್ತಿಗೆ ಸುತ್ತಿದ್ದ ಹತ್ತಿಬಟ್ಟೆ ಚರ್ಮಕ್ಕೆ ತಾಗದಂತೆ ಎರಡು ಬೆರಳಿನಿಂದ ಎತ್ತಿ ಹಿಡಿದುಕೊಂಡಿದ್ದರು. ಮಂಗಳೂರಿನಿಂದ ಉಜಿರೆಯವರೆಗೂ ಹಾಗೇ ಹಿಡಿದಿದ್ದರು. ನಿಲ್ಲಿಸಲಾ ಎಂದು ಕೇಳಿದರೆ, “ನೀನು ರಸ್ತೆ ನೋಡು” ಎಂದರು.

ಮಾರನೆಯ ದಿನ ಅವರ ರಕ್ತಪರೀಕ್ಷೆಗೆ ಮೂಡಿಗೆರೆಗೆ ಹೋಗಬೇಕಿತ್ತು. ಅಲ್ಲಿ ಎಸಿ ಕೆಲಸವನ್ನೇ ಮಾಡುವವರೊಬ್ಬರಿದ್ದಾರೆಂದು ಕೇಳಿ ಕಾರನ್ನು ಅಲ್ಲಿಗೇ ಒಯ್ದೆ. ಐವತ್ತು ದಾಟಿದ, ಕಡಿಮೆ ಮಾತಿನ ಮನುಷ್ಯ. ಅತ್ತೆಯ ಕತ್ತಿನ ಬಟ್ಟೆ ನೋಡಿದರು, ಏನೂ ಕೇಳದೆ ನೆರಳಿಗೆ ಒಂದು ಕುರ್ಚಿ ತಂದು ಹಾಕಿದರು.

“ಗ್ಯಾಸ್ ತುಂಬ್ಸಿ ಒಂದು ವಾರ ಆಯ್ತಷ್ಟೆ,” ಎಂದೆ.

“ಗ್ಯಾಸ್ ಸುಮ್ಮನೆ ಖಾಲಿ ಆಗಲ್ಲ ಮೇಡಂ. ಎಲ್ಲೋ ಸೋರ್ತಿದೆ. ಸೋರೋ ಜಾಗ ಹುಡುಕ್ದೆ ಎಷ್ಟು ತುಂಬಿದ್ರೂ ಅಷ್ಟೇ.”

ಬಾನೆಟ್ ಎತ್ತಿ, ನನಗೆ ಎಸಿ ಗುಂಡಿ ಒತ್ತಲು ಹೇಳಿದರು. ಫ್ಯಾನ್ ತಿರುಗಿತು, ಆದರೆ ಕಂಪ್ರೆಸರ್ ಹಿಡಿಯುವಾಗ ಬರಬೇಕಾದ ‘ಟಕ್’ ಸದ್ದು ಬರಲಿಲ್ಲ. ಗ್ಯಾಸಿನ ಒತ್ತಡ ನೋಡುವ ಗೇಜ್ ಹಾಕಿದರೆ ಮುಳ್ಳು ಮೇಲೇಳಲೇ ಇಲ್ಲ. ಪೈಪುಗಳಿಗೆ ನೈಟ್ರೋಜನ್ ತುಂಬಿಸಿ, ಒಂದೊಂದು ಜಾಯಿಂಟಿಗೂ ಬ್ರಷ್ಷಿನಲ್ಲಿ ಸೋಪಿನ ನೀರು ಹಚ್ಚುತ್ತಾ ಹೋದರು. ಒಂದರಲ್ಲೂ ಗುಳ್ಳೆಯಿಲ್ಲ. ಕೊನೆಗೆ ಕಂಪ್ರೆಸರಿನ ಸುತ್ತಲೂ ಹಚ್ಚಿ, ಬೇರೆ ಕಡೆ ಬಗ್ಗಿದರು. ಆಗ ಕುರ್ಚಿಯಿಂದೆದ್ದು ಬಂದು ಪಕ್ಕದಲ್ಲಿ ನಿಂತಿದ್ದ ಅತ್ತೆ ಪಿಸುದನಿಯಲ್ಲಿ, “ಅಲ್ಲಿ ನೋಡಿ, ಆ ಚಕ್ರದ ಹಿಂದೆ. ಸಣ್ಣಗೆ ನೊರೆ ಏಳ್ತಿದೆ,” ಎಂದರು.

ಮೆಕ್ಯಾನಿಕ್ ಟಾರ್ಚ್ ಹಿಡಿದು ನೋಡಿದರು. “ಹೌದಮ್ಮ. ಶಾಫ್ಟಿನ ರಬ್ಬರ್ ಸೀಲು ಹೋಗಿದೆ. ನಂಗೆ ಕಾಣ್ಲೇ ಇಲ್ಲ ನೋಡಿ.” ಆಮೇಲೆ ನನ್ನ ಕಡೆ ತಿರುಗಿ, “ಎಸಿ ಹಾಕಿದ್ರೆ ಒಳಗೆ ಗ್ಯಾಸ್ ಜೊತೆ ಆಯಿಲ್ಲೂ ಓಡಾಡ್ತದೆ. ವರ್ಷಗಟ್ಟಲೆ ಹಾಕ್ದೇ ಇದ್ರೆ ರಬ್ಬರ್ ಒಣಗ್ತದೆ. ಮಳೆಗಾಲದಲ್ಲೂ ವಾರಕ್ಕೆ ಹತ್ತು ನಿಮಿಷ ಹಾಕಿ,” ಎಂದರು.

ಅವರು ಕಂಪ್ರೆಸರ್ ಬಿಚ್ಚುತ್ತಿರುವಾಗ ನಾವಿಬ್ಬರೂ ನೆರಳಿನಲ್ಲಿ ಕೂತೆವು. ಅತ್ತೆ ಹೇಳಿದರು: “ನೀನು ಕಾರು ಕಲೀತೀನಿ ಅಂದಾಗ ಬೇಡ ಅಂದೋಳು ನಾನು.”

“ನೆನಪಿದೆ ಅತ್ತೆ.”

“ನನ್ನ ಮಾತು ಮೀರಿ ಹೋದೆ ಅಂತ ಒಂದು ವಾರ ನಿನ್ನ ಹತ್ರ ಮಾತಾಡ್ಲಿಲ್ಲ.”

“ಒಂದು ವಾರ ಅಲ್ಲ, ಹದಿನೇಳು ದಿನ.”

ಅತ್ತೆಗೆ ನಗು ಬಂತು. ನಕ್ಕರೆ ಗಂಟಲು ನೋಯುತ್ತಿತ್ತು, ಹಾಗಾಗಿ ನನ್ನ ಮಣಿಕಟ್ಟು ಹಿಡಿದುಕೊಂಡು ಸದ್ದಿಲ್ಲದೆ ನಕ್ಕರು. ಆಮೇಲೂ ಕೈ ಬಿಡಲಿಲ್ಲ. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವರು ನನ್ನ ಕೈ ಹಿಡಿದದ್ದು ನನಗೆ ನೆನಪಿಲ್ಲ. ನಾನು ಅಲುಗಾಡದೆ ಕೂತಿದ್ದೆ.

ಸೀಲು ಮಂಗಳೂರಿನಿಂದ ಬಸ್ಸಿನಲ್ಲಿ ಬರಬೇಕಿತ್ತು. ಸೋಮವಾರ ಬೆಳಿಗ್ಗೆಯೇ ಆಸ್ಪತ್ರೆಗೆ ಹೊರಡಬೇಕೆಂದು ಹೇಳಿದೆ. “ಸೋಮವಾರ ಹೊರಡ್ಬೇಕಲ್ಲ? ನಾಳೆ ಸಂಜೆಗೆ ಬನ್ನಿ,” ಎಂದರು ಮೆಕ್ಯಾನಿಕ್. ಭಾನುವಾರ ಗ್ಯಾರೇಜಿಗೆ ರಜೆಯೆಂದು ಬಾಗಿಲ ಮೇಲೇ ಬರೆದಿತ್ತು. ಕಾರನ್ನು ಅಲ್ಲೇ ಬಿಟ್ಟು ಬಸ್ಸಿನಲ್ಲಿ ಮನೆಗೆ ಬಂದೆವು. ಮರುದಿನ ಸಂಜೆ ನಾನು ಹೋದಾಗ ಸೀಲು ಕೂರಿಸಿ, ಪೈಪಿನೊಳಗಿನ ಗಾಳಿಯನ್ನೆಲ್ಲ ಪಂಪಿನಿಂದ ಎಳೆದು, ಹೊಸ ಗ್ಯಾಸ್ ತುಂಬಿ ಮುಗಿಸಿದ್ದರು. ನಾನು ಗುಂಡಿ ಒತ್ತಿದೆ. ಟಕ್ ಎಂದಿತು. ಗಾಳಿ ಬರುವ ಜಾಗದಲ್ಲಿ ಇಟ್ಟ ಥರ್ಮಾಮೀಟರ್ ಏಳು ಡಿಗ್ರಿಗೆ ಇಳಿಯಿತು. ನಾನು ಹೊರಡುವ ಮೊದಲು ಅವರು ಒಳಗೆ ಬಗ್ಗಿ, ಪಕ್ಕದ ಸೀಟಿನ ಎದುರು ಎಸಿ ಗಾಳಿ ಬರುವ ಪಟ್ಟಿಗಳನ್ನು ಕಿಟಕಿಯ ಕಡೆ ತಿರುಗಿಸಿದರು. “ಅಮ್ಮನ ಕತ್ತಿಗೆ ನೇರ ಬಡಿಯೋದು ಬೇಡ. ಸುತ್ತಿ ಬರ್ಲಿ.”

ಸೋಮವಾರ ಘಾಟಿ ಇಳಿದ ಮೇಲೆ ಎಸಿ ಹಾಕಿದೆ. ಉಜಿರೆ ದಾಟುವಷ್ಟರಲ್ಲಿ ಬಟ್ಟೆ ಹಿಡಿದಿದ್ದ ಅತ್ತೆಯ ಬೆರಳು ಸಡಿಲಾಗಿ ಕೈ ಮಡಿಲಿಗೆ ಜಾರಿತು. ರಾತ್ರಿಯಿಡೀ ಎದ್ದು ಕೂರುತ್ತಿದ್ದ ಅವರು ಬಾಯಿ ತೆರೆದು, ಮಗುವಿನ ಹಾಗೆ ನಿದ್ದೆಹೋಗಿದ್ದರು. ರಸ್ತೆಯ ಒಂದೊಂದು ಗುಂಡಿಯನ್ನೂ ನಾನು ತಪ್ಪಿಸಿಕೊಂಡು ಓಡಿಸಿದೆ.

ಆಸ್ಪತ್ರೆ ತಲುಪಿದಾಗಲೂ ಅವರಿಗೆ ಎಚ್ಚರವಾಗಲಿಲ್ಲ. ಇಂಜಿನ್ ಆರಿಸಲು ಮನಸ್ಸಾಗದೆ, ಒಂದು ಮರದ ಕೆಳಗೆ ಹಾಗೇ ಅರ್ಧ ಗಂಟೆ ನಿಲ್ಲಿಸಿಕೊಂಡೆ. ಒಳಗೆ ಹೋದಾಗ ನರ್ಸ್, “ಯಾಕೆ ತಡ?” ಎಂದರು. “ದಾರೀಲಿ ಲಾರಿ ಅಡ್ಡ ನಿಂತಿತ್ತು,” ಎಂದೆ. ಅತ್ತೆ ನನ್ನ ಮುಖ ನೋಡಿ, ಹೌದೆಂಬಂತೆ ತಲೆಯಾಡಿಸಿದರು.