ಬ್ರೇಕಿನ ಕಾಲು

ನಮ್ಮ ಕಡೆಯ ಬಸ್ ಡ್ರೈವರುಗಳಲ್ಲಿ ಹಳಬರೆಲ್ಲ ಚಪ್ಪಲಿ ಕಳಚಿಯೇ ಸೀಟಿಗೆ ಹತ್ತುವುದು. ಅನ್ನ ಕೊಡುವ ಗಾಡಿಯನ್ನು ಚಪ್ಪಲಿಗಾಲಿನಲ್ಲಿ ಮೆಟ್ಟಬಾರದು ಎಂದು ನನಗೆ ಸ್ಟೇರಿಂಗ್ ಹಿಡಿಯಲು ಕಲಿಸಿದ ಸೋದರಮಾವ ಹೇಳಿದ್ದರು. ಭಕ್ತಿ ಅತ್ಲಾಗಿರಲಿ, ಬರಿಗಾಲಿಗೆ ಬ್ರೇಕಿನ ಹದ ಚೆನ್ನಾಗಿ ಗೊತ್ತಾಗುತ್ತದೆ. ಹೊಸಂಗಡಿಯಿಂದ ಪೈವಳಿಕೆಗೆ ಹೋಗುವ ದಾರಿಯ ಇಳಿಜಾರಿನಲ್ಲಿ ಎಲ್ಲಿ ಒತ್ತಬೇಕು, ಎಷ್ಟು ಬಿಡಬೇಕು ಎಂಬುದನ್ನೆಲ್ಲ ನನ್ನ ಬಲಗಾಲೇ ನೋಡಿಕೊಳ್ಳುತ್ತಿತ್ತು. ನಾನು ಆರಾಮವಾಗಿ ಕಂಡಕ್ಟರನ ಹತ್ತಿರ ಜಗಳವಾಡಿಕೊಂಡು ಕುಳಿತಿರುತ್ತಿದ್ದೆ.

ಆ ಕಾಲಿಗೇ ಉರಿ ಶುರುವಾಯಿತು. ಸಕ್ಕರೆ ಕಾಯಿಲೆ ನನಗೆ ಹಳೆಯ ನೆಂಟ. ಆದರೆ ಅದು ಕಾಲಿಗೆ ಇಳಿಯುತ್ತದೆ ಎಂದು ಯಾರಿಗೆ ಗೊತ್ತಿತ್ತು? ಹೊದಿಕೆಯ ಅಂಚು ತಾಗಿದರೂ ಕೆಂಡ ಮೆಟ್ಟಿದ ಹಾಗೆ. ಒಮ್ಮೊಮ್ಮೆ ಬೆರಳಿನ ತುದಿಗೆ ಸೂಜಿ ಚುಚ್ಚಿದಂತೆ, ಒಮ್ಮೊಮ್ಮೆ ಅಂಗಾಲಿಗೆ ಯಾರೋ ದಪ್ಪ ಬಟ್ಟೆ ಸುತ್ತಿದಂತೆ. ಮೊದಲೇ ನನಗೆ ಮೂಗಿನ ತುದಿಯಲ್ಲಿ ಸಿಟ್ಟು. ನಿದ್ದೆಯೂ ಕೆಟ್ಟ ಮೇಲೆ ಕೇಳಬೇಕೇ? ಹಿಂದಿನಿಂದ ಹಾರ್ನ್ ಹೊಡೆದವರಿಗೆಲ್ಲ ಬೈಗುಳದ ಪೂಜೆ.

ಕೊನೆಗೆ ಹೆಂಡತಿ ಮಂಗಳೂರಿನ ನರದ ಡಾಕ್ಟರರ ಹತ್ತಿರ ಎಳೆದುಕೊಂಡು ಹೋದಳು. ಆಪರೇಶನ್ ಎಂದರೆ ಎದ್ದು ಓಡುವುದೇ ಎಂದು ನಾನು ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕುಳಿತೆ.

"ಕೊಯ್ಯಲಿಕ್ಕಿಲ್ಲ, ಕಾಲಿಗೆ ಚುಚ್ಚಲಿಕ್ಕೂ ಇಲ್ಲ," ಎಂದರು ಡಾಕ್ಟರು. ಸಕ್ಕರೆ ಹತೋಟಿಗೆ ತರಬೇಕು, ಮಲಗುವ ಮೊದಲು ಮಾತ್ರೆ, ಹಚ್ಚಲಿಕ್ಕೆ ಮೆಣಸಿನ ಸತ್ವದ ಮುಲಾಮು, ಕಾಲಿನ ವ್ಯಾಯಾಮ. ಇಷ್ಟಕ್ಕೆ ಬಗ್ಗದಿದ್ದರೆ ಚರ್ಮದ ಮೇಲಿನಿಂದಲೇ ಸಣ್ಣಗೆ ಕರೆಂಟು ಕೊಡುವ ಯಂತ್ರ. "ಒಂದು ಮಾತು ನೆನಪಿರಲಿ. ಬರಿಗಾಲಿನಲ್ಲಿ ಹೆಜ್ಜೆ ಇಡಬಾರದು. ಮನೆಯೊಳಗೂ ಇಡಬಾರದು."

ಮುಲಾಮಿನ ಕತೆ ಕೇಳಿ ನನ್ನ ಹೆಂಡತಿಗೆ ನಗು ತಡೆಯಲಿಲ್ಲ. "ಉರಿಯುವ ಕಾಲಿಗೆ ಮೆಣಸು ಉಜ್ಜುವುದಾ? ತೆಂಗಿನಕಾಯಿಯನ್ನೂ ಅರೆದು ಹಾಕಿದರೆ ಕೋಳಿ ಗಸಿಯೇ ಆಯಿತಲ್ಲ!" ಎಂದಳು. ಹಾಗೆಂದವಳೇ ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ದಿನಾ ಹಚ್ಚಿದಳು. ಚಪ್ಪಲಿ ಎಂದರೆ ಹೊಸ್ತಿಲ ಹೊರಗೆ ಎಂದು ಮದುವೆಯಾದಂದಿನಿಂದ ನನಗೆ ಪಾಠ ಹೇಳಿದವಳು, ಒಳಗೆ ಹಾಕಲೆಂದೇ ಮೆತ್ತಗಿನ ಒಂದು ಜೋಡಿ ತಂದಿಟ್ಟಳು. ನಾನೂ ಹಾಕಿಕೊಂಡೆ. ಆದರೆ ಬಸ್ಸಿಗೆ ಹತ್ತುವಾಗ ಕಳಚುತ್ತಿದ್ದೆ. ಹೆಜ್ಜೆ ಇಡಬಾರದು ಎಂದಲ್ಲವೇ ಡಾಕ್ಟರು ಹೇಳಿದ್ದು? ಸೀಟಿನಲ್ಲಿ ಕುಳಿತವನು ಎಲ್ಲಿ ಹೆಜ್ಜೆ ಇಡುತ್ತಾನೆ?

ಕೆಲವು ವಾರಗಳಲ್ಲಿ ಹಗಲಿನ ಉರಿ ಸ್ವಲ್ಪ ಇಳಿಯಿತು. ಗೆದ್ದೆ ಎಂದುಕೊಂಡೆ. ಒಂದು ಮಧ್ಯಾಹ್ನ ಪೈವಳಿಕೆಯಲ್ಲಿ ಬಸ್ಸು ನಿಂತಿತ್ತು. ನಮ್ಮ ಕಂಡಕ್ಟರ್, ಉಪ್ಪಳದ ಬ್ಯಾರಿಗಳ ಹುಡುಗ, ನನ್ನೊಡನೆ ಅದೇ ಬಸ್ಸಿನಲ್ಲಿ ದುಡಿಯುತ್ತಲೇ ಎರಡು ಮಕ್ಕಳ ಅಪ್ಪನಾದವನು, ಚಹಾ ಕೊಡಲು ಬಂದವನು ಗ್ಲಾಸು ಹಿಡಿದೇ ನಿಂತ.

"ಅಣ್ಣ, ಕಾಲಿಗೆ ಎಂತ ಆದದ್ದು?"

ಬಗ್ಗಿ ನೋಡಿದೆ. ಹಿಮ್ಮಡಿ ಊರುವ ಜಾಗದಲ್ಲಿ ರಬ್ಬರ್ ಮ್ಯಾಟು ಸವೆದು ತಗಡು ಕಾಣುತ್ತಿತ್ತು. ಇಂಜಿನಿನ ಬಿಸಿಗೆ ಅದು ಕಾದ ಕಾವಲಿಯಾಗಿತ್ತು. ನನ್ನ ಹಿಮ್ಮಡಿಯ ಚರ್ಮ ಗುಳ್ಳೆ ಎದ್ದು, ಒಡೆದು, ಸುಲಿದುಹೋಗಿ ತಗಡೆಲ್ಲ ಒದ್ದೆಯಾಗಿತ್ತು. ನನಗೆ ಏನೂ ಗೊತ್ತಾಗಿರಲಿಲ್ಲ. ಅಯ್ಯೋ ದೇವರೇ, ಏನೂ!

"ಎಂತದೂ ಇಲ್ಲ, ನೀನು ಬೆಲ್ ಹೊಡಿ," ಎಂದೆ.

"ಹೊಡೆಯುವುದಿಲ್ಲ."

"ಬೆಲ್ ಹೊಡಿ ಮಾರಾಯ, ಹೊತ್ತಾಯಿತು!"

"ಕಾಲು ಸುಟ್ಟದ್ದೇ ನಿಮಗೆ ಗೊತ್ತಾಗಲಿಲ್ಲ ಅಣ್ಣ. ಬ್ರೇಕ್ ಸಿಕ್ಕಿತಾ ಇಲ್ಲವಾ ಅಂತ ಹೇಗೆ ಗೊತ್ತಾಗ್ತದೆ? ಒಳಗೆ ಶಾಲೆ ಮಕ್ಕಳು ಇದ್ದಾರೆ."

ಜನರ ಎದುರೇ ಅವನಿಗೆ ಬಾಯಿಗೆ ಬಂದ ಹಾಗೆ ಬೈದೆ. ಅವನು ಬೆಲ್ ಹೊಡೆಯಲೇ ಇಲ್ಲ. ಬೇರೆ ಬಸ್ಸಿನ ಡ್ರೈವರ್ ಬಂದು ನಮ್ಮ ಗಾಡಿ ತೆಗೆದ. ನಾನು ಲೇಡೀಸ್ ಸೀಟಿನ ಹಿಂದೆ ಕುಳಿತು ಹೊಸಂಗಡಿಗೆ ಬಂದೆ. ಪ್ರತಿ ಇಳಿಜಾರಿನಲ್ಲೂ ನನ್ನ ಬಲಗಾಲು ತಾನಾಗಿ ನೆಲವನ್ನು ಒತ್ತುತ್ತಿತ್ತು. ಒತ್ತಿದ್ದು ತೊಡೆಗೆ ತಿಳಿಯಿತು, ಪಾದಕ್ಕೆ ತಿಳಿಯಲಿಲ್ಲ.

ಡಾಕ್ಟರು ಈ ಸಲ ಗದರಿದರು. ಮೊದಲು ಗಾಯ ಮಾಯಬೇಕು, ಆಮೇಲೆ ಕರೆಂಟಿನ ಚಿಕಿತ್ಸೆ, ಆಮೇಲೆ ಸ್ಪರ್ಶದ ಪರೀಕ್ಷೆ. ಅಲ್ಲಿಯವರೆಗೆ ಸ್ಟೇರಿಂಗ್ ಮುಟ್ಟುವ ಹಾಗಿಲ್ಲ. "ಉರಿಯನ್ನು ಇಳಿಸಬಹುದು. ಮರಗಟ್ಟಿದ್ದರ ಬಗ್ಗೆ ನಾನು ಮಾತು ಕೊಡುವುದಿಲ್ಲ," ಎಂದರು. ಬಸ್ಸಿನ ಧಣಿಗಳು, ಪರೀಕ್ಷೆ ಪಾಸಾದರೆ ಸೀಟು ನಿನ್ನದೇ ಎಂದರು. ಮೀಸೆ ಬಂದಾಗಿನಿಂದ ನನಗೆ ಬೇರೆ ಕೆಲಸ ಗೊತ್ತಿಲ್ಲ. ಡ್ರೈವರ್ ಅಲ್ಲದಿದ್ದರೆ ನಾನು ಯಾರು?

ಗಾಯ ಮಾಯಲು ಒಂದು ಮಳೆಗಾಲವೇ ಹಿಡಿಯಿತು. ಆಮೇಲೆ ಕಾಸರಗೋಡಿನಲ್ಲಿ ಫಿಸಿಯೋಥೆರಪಿ ಶುರುವಾಯಿತು. ಕಣ್ಣೂರಿನ ಕಡೆಯ ಹೆಣ್ಣುಮಗಳು, ಇಲ್ಲಿಯ ರೋಗಿಗಳಿಂದಲೇ ಕನ್ನಡ ಕಲಿತವರು, ಮೊಣಕಾಲಿನ ಕೆಳಗೆ ಅಂಟುವ ಪಟ್ಟಿ ಹಚ್ಚಿ ಯಂತ್ರದ ಗುಂಡಿ ತಿರುಗಿಸುತ್ತಿದ್ದರು. ಇರುವೆ ಸಾಲು ಹರಿದಂತೆ ಜುಂ ಎನ್ನುತ್ತಿತ್ತು. ಮನೆಯಲ್ಲಿ ಅಡುಗೆ ಕಟ್ಟೆ ಹಿಡಿದು ತುದಿಗಾಲಲ್ಲಿ ಏಳುವುದು, ಇಳಿಯುವುದು. "ಯಕ್ಷಗಾನಕ್ಕೆ ಸೇರುವ ಅಂದಾಜು ಉಂಟಾ?" ಎಂದು ಹೆಂಡತಿಯ ಕುಶಾಲು. ಕುಶಾಲಾದರೂ ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.

ನಿದ್ದೆ ಬಂತು, ನಿಜವಾಗಿಯೂ ಬಂತು. ಹೊದಿಕೆ ತಾಗಿದರೆ ಈಗ ಸಂಕಟವಿಲ್ಲ. ನೋವು ಹೋದದ್ದೆಂದರೆ ಕಾಲು ಸರಿಯಾದದ್ದೇ ಎಂದು ನಾನು ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ಪರೀಕ್ಷೆಯ ದಿನ ಕಂಡಕ್ಟರ್ ರಜೆ ಹಾಕಿ ಜೊತೆಗೆ ಬಂದ. "ಸೋಮವಾರ ಫಸ್ಟ್ ಟ್ರಿಪ್ಪು ನಮ್ಮದೇ. ಬೆಲ್ ಹೊಡೆಯದಿದ್ದರೆ ನೋಡು ಮತ್ತೆ!" ಎಂದೆ. ಅವನು ನಕ್ಕು ಹೊರಗಿನ ಬೆಂಚಿನಲ್ಲಿ ಕುಳಿತ.

ಫಿಸಿಯೋ ಮೇಡಂ ಗಾಳದ ನೂಲಿನಂಥ ಸಣ್ಣ ಪ್ಲಾಸ್ಟಿಕ್ ಎಳೆ ತೆಗೆದು ಮೊದಲು ನನ್ನ ಅಂಗೈಗೆ ಒತ್ತಿ ತೋರಿಸಿದರು. ಚುಳುಕ್ ಎಂದಿತು.

"ಹೀಗೆ ಕಾಲಿಗೆ ತಾಗಿಸುತ್ತೇನೆ. ಗೊತ್ತಾದ ಕೂಡಲೇ ಹಾಂ ಅನ್ನಬೇಕು. ಕಣ್ಣು ಮುಚ್ಚಿ ಅಣ್ಣ."

ಮಂಚದ ಮೇಲೆ ಕಾಲು ಚಾಚಿ ಕಣ್ಣು ಮುಚ್ಚಿದೆ. ಹಾಂ ಎನ್ನಲು ಬಾಯಿ ಸಿದ್ಧವಾಗಿತ್ತು. ಫ್ಯಾನು ಕಿರುಗುಟ್ಟಿತು. ರಸ್ತೆಯಲ್ಲಿ ಯಾವುದೋ ಬಸ್ಸು ಮುಕ್ಕರಿಯುತ್ತಿತ್ತು, ಸೆಕೆಂಡಿಗೆ ಹಾಕಬೇಕಾದಲ್ಲಿ ಥರ್ಡಿನಲ್ಲೇ ಎಳೆಯುತ್ತಿದ್ದಾನೆ ಕತ್ತೆ ಎಂದುಕೊಂಡೆ. ಇನ್ನೂ ಶುರು ಮಾಡಲಿಲ್ಲ, ಮೇಡಂಗೆ ಫೋನು ಬಂದಿರಬೇಕು ಎಂದುಕೊಂಡೆ. ಹೆದರಿಕೆ ಹೆಚ್ಚಾದಷ್ಟೂ ನನಗೆ ಸಿಟ್ಟು ಬರುವುದು. ಆದರೂ ತಡೆದುಕೊಂಡೆ.

"ಶುರು ಮಾಡಿ ಮೇಡಂ, ನಾನು ರೆಡಿ," ಎಂದೆ.

ಕಣ್ಣು ತೆರೆದೆ. ಅವರು ಆ ಎಳೆಯನ್ನು ಡಬ್ಬಿಯೊಳಗೆ ಹಾಕುತ್ತಿದ್ದರು.

"ಮುಗಿಯಿತು ಅಣ್ಣ," ಎಂದರು. "ಎರಡೂ ಕಾಲಿನದ್ದು ಮುಗಿಯಿತು."